ಚಿತ್ರ ಮೊದಲು, ಮದ್ದು ಆಮೇಲೆ

ಕೆಲವು ಕಾಯಿಲೆಗಳ ಹೆಸರಿನಲ್ಲೇ ಹಿಂದಿನವರು ಅವುಗಳನ್ನು ಹೇಗೆ ತಿಳಿದುಕೊಂಡಿದ್ದರು ಎಂಬುದು ಅಡಗಿರುತ್ತದೆ. ಪಾರ್ಶ್ವವಾಯು ಎನ್ನುವುದು ಅಂಥದೊಂದು ಹೆಸರು. ಮೈಯ ಒಂದು ಪಾರ್ಶ್ವಕ್ಕೆ, ಅಂದರೆ ಒಂದು ಮಗ್ಗುಲಿಗೆ, ವಾಯು ಹಿಡಿಯಿತು ಎಂದು ಅವರ ನಂಬಿಕೆ. ನಮ್ಮ ಮರಾಠಿ ನೆರೆಹೊರೆಯವರು ಇದನ್ನೇ ಅರ್ಧಾಂಗವಾಯು ಎನ್ನುತ್ತಾರೆ. ಊರ ಕಡೆಯ ಆಡುಮಾತಿನಲ್ಲಿ 'ಲಕ್ವ ಹೊಡೀತು' ಎನ್ನುವುದುಂಟು. ಇಂಗ್ಲಿಷಿನ ಸ್ಟ್ರೋಕ್ ಎಂಬ ಪದಕ್ಕೂ ಹೊಡೆತ ಎಂದೇ ಅರ್ಥ. ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಅಪೊಪ್ಲೆಕ್ಸಿ ಎಂಬ ಗ್ರೀಕ್ ಮೂಲದ ಪದಕ್ಕೆ ಹೊಡೆದು ಕೆಡವುವುದು ಎಂಬ ಅರ್ಥ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಪದಗಳ ಬೆನ್ನು ಹತ್ತುವ ಚಟ ಇನ್ನೂ ಹೋಗಿಲ್ಲ. ಈ ಪದಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಎಲ್ಲರೂ ಗಾಳಿ ಎಂದರು, ಏಟು ಎಂದರು, ಆದರೆ ಯಾವ ಹೆಸರಿನಲ್ಲೂ ಮಿದುಳಿನ ಸುಳಿವಿಲ್ಲ. ಕೈ ಬಿದ್ದರೆ ಕೈಗೆ ಎಣ್ಣೆ ತಿಕ್ಕಿದರು, ಬಾಯಿ ಸೊಟ್ಟಗಾದರೆ ಬಾಯಿಗೆ ಶಾಖ ಕೊಟ್ಟರು. ಪೆಟ್ಟು ಬಿದ್ದದ್ದು ಮಾತ್ರ ತಲೆಬುರುಡೆಯ ಒಳಗೆ. ಅಲ್ಲಿ ಏನಾಗಿದೆ ಎಂದು ಬದುಕಿರುವ ಮನುಷ್ಯನಲ್ಲಿ ಇಣುಕಿ ನೋಡುವ ದಾರಿ ಸಿಕ್ಕಿ ಇನ್ನೂ 60 ವರ್ಷ ತುಂಬಿಲ್ಲ.

ಯುವ ಮಿತ್ರರೇ, ಈ ಲೇಖನವನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ, ಅದಕ್ಕೆ ಕಾರಣವಿದೆ. ನಮ್ಮ ಖರಾಡಿಯ ಕನ್ನಡ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರೇ ಹೆಚ್ಚು. ಧಾರವಾಡದಿಂದಲೋ ವಿಜಯಪುರದಿಂದಲೋ ಕುಂದಾಪುರದಿಂದಲೋ ಬಂದ ಅಜ್ಜ ಅಜ್ಜಿ ಮನೆಯಲ್ಲಿರುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಕಾಲೇಜಿನಿಂದ ಬಂದು ಮೊದಲು ಬಾಗಿಲು ತೆಗೆಯುವವರು ನೀವು. ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕಾಣುವುದೂ ನಿಮ್ಮ ಕಣ್ಣಿಗೇ. ನಾನು ವೈದ್ಯೆಯಲ್ಲ, ಗೃಹಿಣಿ. ಆದರೆ ವೈದ್ಯರು ಯಾವ ಚಿತ್ರವನ್ನು ಏಕೆ ತೆಗೆಯುತ್ತಾರೆ ಎಂಬಷ್ಟು ತಿಳುವಳಿಕೆ ಮನೆಯಲ್ಲಿ ಒಬ್ಬರಿಗಾದರೂ ಇದ್ದರೆ ಅಮೂಲ್ಯವಾದ ನಿಮಿಷಗಳು ಉಳಿಯುತ್ತವೆ.

ಒಂದೇ ಮುಖ, ಎರಡು ಕಾಯಿಲೆ

ನಮ್ಮ ಮಿದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಕೂಡಿಡುವ ಉಗ್ರಾಣ ಅದಕ್ಕಿಲ್ಲ. ರಕ್ತ ಹರಿದು ಬರುತ್ತಲೇ ಇರಬೇಕು. ಈ ಹರಿವು ಎರಡು ರೀತಿಯಲ್ಲಿ ಕೆಡಬಹುದು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಹರಿವು ನಿಲ್ಲುವುದು ಒಂದು, ರಕ್ತನಾಳ ಒಡೆದು ರಕ್ತ ಮಿದುಳಿನೊಳಗೆ ಚೆಲ್ಲುವುದು ಇನ್ನೊಂದು. ಕೊಳಾಯಿ ಕಟ್ಟಿಕೊಳ್ಳುವುದಕ್ಕೂ ಕೊಳಾಯಿ ಒಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದೇ ಹೆಚ್ಚು ಸಾಮಾನ್ಯ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ಸೊಟ್ಟ ಬಾಯಿ, ಅದೇ ಜೋತುಬಿದ್ದ ಕೈ, ಅದೇ ತೊದಲು ಮಾತು. ಎಂಥ ಅನುಭವಿ ವೈದ್ಯರಾದರೂ ಬರೀ ಕಣ್ಣಿನಿಂದ ನೋಡಿ ಇದು ಕಟ್ಟಿದ್ದೋ ಒಡೆದದ್ದೋ ಎಂದು ಖಚಿತವಾಗಿ ಹೇಳಲಾರರು. ಚಿಕಿತ್ಸೆ ಮಾತ್ರ ಒಂದಕ್ಕೊಂದು ತೀರ ವಿರುದ್ಧ. ಕಟ್ಟಿದ್ದಕ್ಕೆ ಹೆಪ್ಪು ಕರಗಿಸುವ ಮದ್ದು ಬೇಕು. ಅದೇ ಮದ್ದನ್ನು ಒಡೆದ ನಾಳದವರಿಗೆ ಕೊಟ್ಟರೆ ರಕ್ತಸ್ರಾವ ಹೆಚ್ಚಿ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ಚಿತ್ರ ಮೊದಲು, ಮದ್ದು ಆಮೇಲೆ ಎಂಬ ಕಟ್ಟುನಿಟ್ಟು. ಮನೆಯ ಪೆಟ್ಟಿಗೆಯಲ್ಲಿ ಆಸ್ಪಿರಿನ್ ಇದೆ, ಹೃದಯಾಘಾತಕ್ಕೆ ಕೊಡುತ್ತಾರಲ್ಲ ಎಂದು ನೀವಾಗಿಯೇ ಅಜ್ಜನ ಬಾಯಿಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ಬುರುಡೆಯೊಳಗೆ ಇಣುಕಿದ ಕಥೆ

1895ರಲ್ಲಿ ಜರ್ಮನಿಯ ರಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಮೂಳೆ ಮುರಿದವರಿಗೆ ಒಳ್ಳೆಯದಾಯಿತು. ಮಿದುಳಿಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಗಟ್ಟಿ ಬುರುಡೆಯ ಬಿಳುಪಿನಲ್ಲಿ ಒಳಗಿನ ಮೃದುವಾದ ಮಿದುಳು ಕಾಣುವುದೇ ಇಲ್ಲ. 1919ರ ಸುಮಾರಿಗೆ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನುಹುರಿಯ ದ್ರವವಿರುವ ಜಾಗಕ್ಕೆ ಗಾಳಿ ತುಂಬಿ ಕ್ಷ-ಕಿರಣ ಚಿತ್ರ ತೆಗೆಯುವ ವಿಧಾನ ತಂದರು. ರೋಗಿಗೆ ಅದು ಚಿತ್ರಹಿಂಸೆಯಂಥ ತಲೆನೋವು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಕುತ್ತಿಗೆಯ ರಕ್ತನಾಳಕ್ಕೆ ಬಣ್ಣದ್ರವ ಚುಚ್ಚಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ನಾಳಗಳೇನೋ ಕಂಡವು, ಮಿದುಳು ಇನ್ನೂ ಕಾಣಲಿಲ್ಲ.

ಕಾಣಿಸಿದವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರ್. ಅವರು ಕೆಲಸ ಮಾಡುತ್ತಿದ್ದದ್ದು ಇ.ಎಂ.ಐ. ಕಂಪನಿಯಲ್ಲಿ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಗ್ರಾಮಫೋನಿನ ಮುಂದೆ ನಾಯಿ ಕೂತ ಎಚ್.ಎಂ.ವಿ. ತಟ್ಟೆಗಳು ಅವರಿಗೆ ನೆನಪಿರುತ್ತವೆ. ಆ ಹೆಸರಿನ ಒಡೆತನ ಇದ್ದದ್ದು ಇದೇ ಕಂಪನಿಗೆ. ಹೌನ್ಸ್‌ಫೀಲ್ಡರ ಯೋಚನೆ ಸರಳ. ಒಂದೇ ಕಡೆಯಿಂದ ಕಿರಣ ಹಾಯಿಸಿದರೆ ಎಲ್ಲವೂ ಒಂದರ ಮೇಲೊಂದು ಬಿದ್ದ ನೆರಳು ಸಿಗುತ್ತದೆ. ತಲೆಯ ಸುತ್ತ ನೂರಾರು ಕೋನಗಳಿಂದ ಹಾಯಿಸಿ, ಪ್ರತಿ ಸಲ ಎಷ್ಟು ಕಿರಣ ಆಚೆ ಬಂತು ಎಂದು ಅಳೆದು, ಲೆಕ್ಕ ಹಾಕಿದರೆ ಒಳಗಿನ ಒಂದೊಂದು ಚುಕ್ಕೆ ಎಷ್ಟು ಸಾಂದ್ರ ಎಂಬುದು ತಿಳಿಯುತ್ತದೆ. ಹಲಸಿನ ಹಣ್ಣನ್ನು ಕೊಯ್ಯದೆಯೇ ಒಳಗೆ ಎಲ್ಲೆಲ್ಲಿ ತೊಳೆ, ಎಲ್ಲೆಲ್ಲಿ ಬೀಜ ಎಂದು ಅಡ್ಡಸೀಳಿನ ನಕ್ಷೆ ಬರೆದ ಹಾಗೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಒಂದೊಂದು ಸೀಳಿಗೆ ಕೆಲವು ನಿಮಿಷಗಳೇ ಹಿಡಿದವು. ಅಳತೆಗಳನ್ನು ತುಂಬಿದ ಟೇಪನ್ನು ಬೇರೆಡೆಯ ಕಂಪ್ಯೂಟರಿಗೆ ಒಯ್ದು ಲೆಕ್ಕ ಮಾಡಿಸಬೇಕಾಯಿತು. ಚಿತ್ರದಲ್ಲಿ ಇದ್ದದ್ದು ಉದ್ದಕ್ಕೆ 80, ಅಗಲಕ್ಕೆ 80 ಚೌಕಗಳು ಮಾತ್ರ. ಆ ಮಹಿಳೆಯ ಮಿದುಳಿನ ಗೆಡ್ಡೆ ಅದರಲ್ಲಿ ಕಾಣಿಸಿತು. ಅದೇ ನಾವು ಇಂದು ಸಿ.ಟಿ. ಸ್ಕ್ಯಾನ್ ಎನ್ನುವುದು. ಹೌನ್ಸ್‌ಫೀಲ್ಡರಿಗೂ, ಇದರ ಗಣಿತವನ್ನು ಮೊದಲೇ ಯೋಚಿಸಿದ್ದ ಅಲನ್ ಕಾರ್ಮ್ಯಾಕ್‌ರಿಗೂ 1979ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಕಥೆಯಲ್ಲಿ ಬೆಂಗಳೂರಿನ ಒಂದು ಪುಟವೂ ಇದೆ. ಪಠ್ಯಪುಸ್ತಕಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅದೇ 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಪ್ರಬಂಧ ಪ್ರಕಟಿಸಿದರು. ಬೇರೆ ಬೇರೆ ಕೋನಗಳ ನೆರಳುಗಳಿಂದ ಮೂಲ ವಸ್ತುವನ್ನು ಮತ್ತೆ ಕಟ್ಟುವ ಲೆಕ್ಕವನ್ನು ಸುಲಭವಾಗಿ, ಬೇಗ ಮಾಡುವ ದಾರಿ ಅದರಲ್ಲಿತ್ತು. ಮುಂದೆ ಸಿ.ಟಿ. ಯಂತ್ರಗಳು ದಶಕಗಳ ಕಾಲ ಚಿತ್ರ ಕಟ್ಟಿದ್ದು ಈ ಬಗೆಯ ಲೆಕ್ಕದಿಂದಲೇ. ರಾಮಚಂದ್ರನ್ ಕೇರಳದಲ್ಲಿ ಹುಟ್ಟಿದವರು, ಸಿ.ವಿ. ರಾಮನ್ ಅವರ ಶಿಷ್ಯರು, ಪ್ರೋಟೀನುಗಳ ರಚನೆಯ ಬಗ್ಗೆ ಮಾಡಿದ ಕೆಲಸಕ್ಕೆ ಜಗತ್ಪ್ರಸಿದ್ಧರು. ಇಲ್ಲಿನ ಈಯಾನ್ ಐ.ಟಿ. ಪಾರ್ಕಿನಲ್ಲಿ ಕೆಲಸ ಮಾಡಬೇಕೆಂದು ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ಮಕ್ಕಳು ಆ ಪ್ರಬಂಧವನ್ನು ಒಮ್ಮೆ ಹುಡುಕಿ ಓದಬೇಕು. ಒಳ್ಳೆಯ ಲೆಕ್ಕವೂ ಜೀವ ಉಳಿಸಬಲ್ಲದು.

ಸಿ.ಟಿ. ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಂದಿನ ಯಂತ್ರಗಳು ತಲೆಯ ಸಿ.ಟಿ. ಚಿತ್ರವನ್ನು ಕೆಲವೇ ಸೆಕೆಂಡುಗಳಲ್ಲಿ ತೆಗೆಯುತ್ತವೆ. ಸಾಂದ್ರತೆಯನ್ನು ಅಳೆಯುವ ಮಾನಕ್ಕೆ ಹೌನ್ಸ್‌ಫೀಲ್ಡರ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿ ನೀರು ಸೊನ್ನೆ, ಗಾಳಿ ಸೊನ್ನೆಗಿಂತ 1000 ಕೆಳಗೆ. ಮಿದುಳಿಗಿಂತ ಹೊಸದಾಗಿ ಚೆಲ್ಲಿದ ರಕ್ತ ಹೆಚ್ಚು ಸಾಂದ್ರ. ಹಾಗಾಗಿ ನಾಳ ಒಡೆದಿದ್ದರೆ ಬೂದು ಬಣ್ಣದ ಮಿದುಳಿನ ನಡುವೆ ಬಿಳಿಯ ಕಲೆ ಕೂಡಲೇ ಎದ್ದು ಕಾಣುತ್ತದೆ. ರಕ್ತಸ್ರಾವ ಇದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಸಿ.ಟಿ. ನಿಮಿಷಗಳಲ್ಲಿ ಉತ್ತರ ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಮನೆಯವರು ಎಡವುವುದು ಇಲ್ಲೇ. ಹೆಪ್ಪು ಕಟ್ಟಿ ಆದ ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆ ಸಿ.ಟಿ. ಚಿತ್ರ ಹೆಚ್ಚು ಕಡಿಮೆ ಸಹಜವಾಗಿಯೇ ಕಾಣಬಹುದು. ಮಿದುಳಿನ ಆ ಭಾಗ ಕಪ್ಪಾಗಿ ಕಾಣಲು ಹೊತ್ತು ಬೇಕು. 'ಸ್ಕ್ಯಾನ್ ನಾರ್ಮಲ್ ಅಂತೆ' ಎಂದ ಕೂಡಲೇ ನಮ್ಮವರು ನಿಟ್ಟುಸಿರು ಬಿಟ್ಟು ಮನೆಗೆ ಹೊರಡುವ ಮಾತಾಡುತ್ತಾರೆ. ಕೈ ಬಿದ್ದಿದೆ, ಮಾತು ತೊದಲುತ್ತಿದೆ, ಆದರೆ ಸಿ.ಟಿ.ಯಲ್ಲಿ ರಕ್ತಸ್ರಾವ ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ. ಹೆಪ್ಪು ಕರಗಿಸುವ ಮದ್ದು ಕೊಡಬಹುದಾದ ಗಳಿಗೆ ಇದೇ ಇರಬಹುದು. ಹೊರಡುವ ಬದಲು 'ಮುಂದೇನು ಡಾಕ್ಟರ್?' ಎಂದು ಕೇಳಬೇಕಾದ ಸಮಯ ಅದು.

ಕ್ಷ-ಕಿರಣದ ಭಯ ಕೆಲವರಿಗೆ. ತಲೆಯ ಒಂದು ಸಾಮಾನ್ಯ ಸಿ.ಟಿ.ಯಲ್ಲಿ ಮೈಗೆ ತಾಗುವ ವಿಕಿರಣವು ಮಣ್ಣು, ಗಾಳಿ, ಆಕಾಶದಿಂದ ಒಂದು ವರ್ಷದಲ್ಲಿ ನಮಗೆ ತಾನಾಗಿ ತಾಗುವ ವಿಕಿರಣದಷ್ಟೇ ಆಸುಪಾಸಿನದು. ಇಂಥ ತುರ್ತಿನಲ್ಲಿ ಅದಕ್ಕಾಗಿ ಹಿಂಜರಿಯಬಾರದು.

ಎಂ.ಆರ್.ಐ. ಎಂಬ ಸೂಕ್ಷ್ಮ ಕಣ್ಣು

ಎಂ.ಆರ್.ಐ.ಯಲ್ಲಿ ಕ್ಷ-ಕಿರಣವೇ ಇಲ್ಲ. ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು, ನೀರಿನಲ್ಲಿ ಜಲಜನಕ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿದಾಗ ಜಲಜನಕದ ಬೀಜಕಣಗಳು ಸಣ್ಣ ದಿಕ್ಸೂಚಿಗಳಂತೆ ಸಾಲುಗೂಡುತ್ತವೆ. ರೇಡಿಯೋ ಅಲೆಯಿಂದ ಅವನ್ನು ಅಲುಗಿಸಿದರೆ ಹಿಂದಿರುಗುವಾಗ ಸಣ್ಣ ಸದ್ದು ಕೊಡುತ್ತವೆ. ಆ ಸದ್ದಿನಿಂದ ಚಿತ್ರ ಕಟ್ಟುತ್ತಾರೆ. ಇದಕ್ಕೆ ದಾರಿ ತೋರಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ 2003ರಲ್ಲಿ ನೊಬೆಲ್ ಪಡೆದರು.

ಪಾರ್ಶ್ವವಾಯುವಿಗೆ ಮುಖ್ಯವಾದದ್ದು ಎಂ.ಆರ್.ಐ.ಯ ಡಿಫ್ಯೂಷನ್ ಎಂಬ ಬಗೆ. ಅದು ನೀರಿನ ಕಣಗಳ ಓಡಾಟವನ್ನು ನೋಡುತ್ತದೆ. ರಕ್ತ ನಿಂತಾಗ ನರಕೋಶಗಳು ನೀರು ಕುಡಿದ ಕಡಲೆಯಂತೆ ಊದಿಕೊಳ್ಳುತ್ತವೆ. ಅವುಗಳ ನಡುವಿನ ಸಂದಿ ಮುಚ್ಚಿ ನೀರಿನ ಓಡಾಟ ಕಡಿಮೆಯಾಗುತ್ತದೆ. ಆ ಜಾಗ ಚಿತ್ರದಲ್ಲಿ ದೀಪ ಹಚ್ಚಿದಂತೆ ಬೆಳಗುತ್ತದೆ. 1990ರಲ್ಲಿ ಅಮೆರಿಕದ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮಿದುಳಿನಲ್ಲಿ ಇದನ್ನು ತೋರಿಸಿದರು. ಸಿ.ಟಿ.ಯಲ್ಲಿ ಗಂಟೆಗಟ್ಟಲೆ ಕಾಯಬೇಕಾದದ್ದು ಇಲ್ಲಿ ಬಹು ಬೇಗ ಕಾಣುತ್ತದೆ.

ಹಾಗಿದ್ದರೆ ಎಲ್ಲರಿಗೂ ನೇರವಾಗಿ ಎಂ.ಆರ್.ಐ. ಏಕಿಲ್ಲ? ಅದಕ್ಕೆ ಹೊತ್ತು ಹೆಚ್ಚು, ಖರ್ಚು ಹೆಚ್ಚು, ಎಲ್ಲ ಕಡೆ ಇಪ್ಪತ್ತನಾಲ್ಕು ಗಂಟೆ ಸಿಗುವುದಿಲ್ಲ. ರೋಗಿ ಅಲುಗಾಡದೆ ಮಲಗಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೈಯಲ್ಲಿ ಕೆಲವು ಬಗೆಯ ಲೋಹ ಇದ್ದರೆ ಮೊದಲೇ ಹೇಳಬೇಕು. ಆದ್ದರಿಂದ ಹೆಚ್ಚಿನ ಆಸ್ಪತ್ರೆಗಳಲ್ಲಿ ಮೊದಲು ಸಿ.ಟಿ., ಬೇಕೆನಿಸಿದರೆ ಎಂ.ಆರ್.ಐ. ಎಂಬ ಕ್ರಮ.

ಕಾಲುವೆಯ ಕೊನೆಯ ಹೊಲ

ಹೆಪ್ಪು ಸಿಕ್ಕಿದ ಮಾತ್ರಕ್ಕೆ ಆ ಭಾಗದ ಮಿದುಳೆಲ್ಲ ಒಮ್ಮೆಗೇ ಸಾಯುವುದಿಲ್ಲ. ನೀರಾವರಿ ಊರಿನಿಂದ ಬಂದವರಿಗೆ ಇದು ಬೇಗ ಅರ್ಥವಾದೀತು. ಕಾಲುವೆ ಕಟ್ಟಿದಾಗ ಕೆಲವು ಹೊಲ ಪೂರ್ತಿ ಒಣಗುತ್ತವೆ. ಪಕ್ಕದ ಹೊಲಗಳಿಗೆ ಬೇರೆ ಕಾಲುವೆಯಿಂದ ಒಂದಿಷ್ಟು ಜಿನುಗು ಬರುತ್ತಿರುತ್ತದೆ. ಅಲ್ಲಿ ಪೈರು ಬಾಡಿದೆ, ಸತ್ತಿಲ್ಲ. ಈಗ ನೀರು ಬಿಟ್ಟರೆ ಮತ್ತೆ ತಲೆ ಎತ್ತುತ್ತದೆ, ನಾಳೆ ಬಿಟ್ಟರೆ ಇಲ್ಲ. ಮಿದುಳಿನಲ್ಲೂ ಸತ್ತ ನಡುಭಾಗ ಒಂದು, ಅದರ ಸುತ್ತ ಬಾಡಿದ ಅಂಚು ಒಂದು. ವೈದ್ಯರ ಹೋರಾಟವೆಲ್ಲ ಆ ಅಂಚಿಗಾಗಿ.

ಜೆಫ್ರಿ ಸೇವರ್ ಎಂಬ ಅಮೆರಿಕದ ವೈದ್ಯರು 2006ರಲ್ಲಿ ಮಾಡಿದ ಅಂದಾಜಿನಂತೆ, ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಖರಾಡಿ ಬೈಪಾಸಿನ ಸಿಗ್ನಲ್‌ನಲ್ಲಿ ಸಂಜೆ ಹೊತ್ತು ಸಿಕ್ಕಿಕೊಂಡವರಿಗೆ ಒಂದು ನಿಮಿಷ ಎಷ್ಟು ಬೇಗ ಕಳೆಯುತ್ತದೆ ಎಂದು ಹೇಳಬೇಕಿಲ್ಲ.

ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಎಂಬ ಮದ್ದು ಫಲಕಾರಿ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1995ರಲ್ಲಿ ತೋರಿಸಿತು. ಲಕ್ಷಣ ಶುರುವಾದ 3 ಗಂಟೆಯೊಳಗೆ ಮದ್ದು ಪಡೆದವರು ಮೂರು ತಿಂಗಳ ನಂತರ ಹೆಚ್ಚು ಕಡಿಮೆ ಪೂರ್ತಿ ಚೇತರಿಸಿಕೊಂಡಿರುವ ಸಾಧ್ಯತೆ, ಪಡೆಯದವರಿಗಿಂತ ಮೂರನೇ ಒಂದರ ಹತ್ತಿರದಷ್ಟು ಹೆಚ್ಚು. ಅಪಾಯವೂ ಇತ್ತು. ನೂರರಲ್ಲಿ ಸುಮಾರು ಆರು ಮಂದಿಗೆ ಮಿದುಳಿನಲ್ಲಿ ಹಾನಿಕರ ರಕ್ತಸ್ರಾವವಾಯಿತು. ವೈದ್ಯರು ಒಪ್ಪಿಗೆ ಕೇಳುವಾಗ ಈ ಎರಡೂ ಮಾತನ್ನು ಹೇಳುತ್ತಾರೆ. ಗಾಬರಿಯಾಗದೆ ಕೇಳಿ, ಮನೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನಿಮ್ಮ ಪಾಲಿಗೆ ಬರಬಹುದು. 2008ರ ಯೂರೋಪಿನ ಅಧ್ಯಯನದ ಬಳಿಕ ಈ ಅವಧಿ ನಾಲ್ಕೂವರೆ ಗಂಟೆಗೆ ಬೆಳೆಯಿತು. ಈಗ ಒಂದೇ ಚುಚ್ಚಿಗೆ ಕೊಟ್ಟು ಮುಗಿಸಬಹುದಾದ ಟೆನೆಕ್ಟೆಪ್ಲೇಸ್ ಕೂಡ ಬಳಕೆಯಲ್ಲಿದೆ.

ದೊಡ್ಡ ನಾಳವೇ ಕಟ್ಟಿದ್ದರೆ ಮದ್ದು ಮಾತ್ರ ಸಾಲದು. ಸಿ.ಟಿ. ಮಾಡುವಾಗಲೇ ಕೈಯ ನಾಳಕ್ಕೆ ಬಣ್ಣದ್ರವ ಕೊಟ್ಟು ಮಿದುಳಿನ ನಾಳಗಳ ಚಿತ್ರ ತೆಗೆಯುತ್ತಾರೆ. ಹೆಪ್ಪು ಎಲ್ಲಿದೆ ಎಂದು ಕಂಡ ಮೇಲೆ ತೊಡೆಯ ಸಂದಿನಿಂದ ಅಥವಾ ಮಣಿಕಟ್ಟಿನಿಂದ ಸಪೂರ ನಳಿಕೆಯನ್ನು ಮಿದುಳಿನವರೆಗೂ ಏರಿಸಿ ಹೆಪ್ಪನ್ನು ಹಿಡಿದೆಳೆಯುತ್ತಾರೆ. ನೆದರ್ಲೆಂಡ್ಸ್‌ನ ಅಧ್ಯಯನದಿಂದ ಮೊದಲಾಗಿ ಇದರ ಪ್ರಯೋಜನ ಸಾಬೀತಾದದ್ದು 2015ರಲ್ಲಿ. ಮೊನಿಜ್ 1927ರಲ್ಲಿ ರೋಗ ನೋಡಲು ಮಾಡಿದ ಚಿತ್ರವೇ ಈಗ ರೋಗ ಗುಣಪಡಿಸುವ ಕೈಗೆ ದಾರಿ ತೋರುತ್ತಿದೆ.

ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ? ಹಿಂದೆ 'ಯಾವಾಗ ಆಯಿತೋ ಗೊತ್ತಿಲ್ಲ' ಎಂದು ಕೈಚೆಲ್ಲುವುದಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ಬದಲಿಸಿದವು. ಎಂ.ಆರ್.ಐ.ಯ ಎರಡು ಬಗೆಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ಕಲೆ ಕಂಡು ಇನ್ನೊಂದರಲ್ಲಿ ಇನ್ನೂ ಕಾಣದಿದ್ದರೆ ಆಘಾತ ಹೊಸದು ಎಂದು ತಿಳಿದು ಮದ್ದು ಕೊಡಬಹುದು. ರಕ್ತದ ಹರಿವು ತೋರಿಸುವ ಚಿತ್ರದಲ್ಲಿ ಸತ್ತ ಭಾಗ ಸಣ್ಣದು, ಬಾಡಿದ ಅಂಚು ದೊಡ್ಡದು ಎಂದು ಕಂಡರೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಹೆಪ್ಪು ತೆಗೆಯಬಹುದು. ಹೀಗೆ ಗೋಡೆಯ ಗಡಿಯಾರದ ಜೊತೆಗೆ ಮಿದುಳಿನ ಚಿತ್ರವೂ ಗಡಿಯಾರವಾಯಿತು. ಇದನ್ನು ಓದಿ 24 ಗಂಟೆ ಇದೆಯಲ್ಲ ಎಂದು ಯಾರೂ ನಿಧಾನಿಸಬಾರದು. ಅದು ಕೆಲವರಿಗೆ ಮಾತ್ರ ಸಿಗುವ ಅವಕಾಶ, ಮೊದಲ ಗಂಟೆಗೆ ಸಮನಾದದ್ದು ಯಾವುದೂ ಇಲ್ಲ.

ಬಾಣಂತಿಯ ತಲೆನೋವು

ಪಾರ್ಶ್ವವಾಯು ಮುದುಕರ ಕಾಯಿಲೆ ಎಂದುಕೊಂಡವರಿಗೆ ನಿಮ್ಹಾನ್ಸ್‌ನ ಒಂದು ಪಾಠ ಹೇಳಬೇಕು. ಬೆಂಗಳೂರಿನ ಈ ಸಂಸ್ಥೆ 1974ರ ಡಿಸೆಂಬರಿನಲ್ಲಿ ಎರಡು ಸಂಸ್ಥೆಗಳನ್ನು ಕೂಡಿಸಿ ರೂಪುಗೊಂಡದ್ದು. ನರಶಸ್ತ್ರವೈದ್ಯರಾದ ಡಾ. ಆರ್.ಎಂ. ವರ್ಮ ಅದರ ಮೊದಲ ನಿರ್ದೇಶಕರು. ಅಲ್ಲಿನ ವೈದ್ಯರು, ಅವರಲ್ಲಿ ಡಾ. ಡಿ. ನಾಗರಾಜ ಪ್ರಮುಖರು, ಬಾಣಂತಿಯರಿಗೆ ಬರುವ ಒಂದು ಬಗೆಯ ಪಾರ್ಶ್ವವಾಯುವನ್ನು ಬಹುಕಾಲ ಅಭ್ಯಸಿಸಿದರು. ಇದರಲ್ಲಿ ಹೆಪ್ಪು ಕಟ್ಟುವುದು ಮಿದುಳಿಗೆ ರಕ್ತ ತರುವ ನಾಳದಲ್ಲಲ್ಲ, ಮಿದುಳಿನಿಂದ ರಕ್ತ ಒಯ್ಯುವ ನಾಳದಲ್ಲಿ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ತಾನಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಪಥ್ಯ ಸೇರಿದರೆ ರಕ್ತ ಇನ್ನಷ್ಟು ಗಟ್ಟಿ.

ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್, ಮಂಕು ಇದರ ಗುರುತುಗಳು. ದೆವ್ವ ಮೆಟ್ಟಿತು, ಸನ್ನಿ ಹಿಡಿಯಿತು ಎಂದು ಹಿಂದೆ ಅನ್ನುತ್ತಿದ್ದ ಎಷ್ಟೋ ಪ್ರಸಂಗಗಳು ಇದೇ ಇದ್ದಿರಬಹುದು. ಸಾಮಾನ್ಯ ಸಿ.ಟಿ.ಯಲ್ಲಿ ಇದು ತಪ್ಪಿಸಿಕೊಳ್ಳಬಹುದು. ಹಿಮ್ಮರಳುವ ನಾಳಗಳನ್ನೇ ತೋರಿಸುವ ಚಿತ್ರ ಬೇಕು. ಸೋಜಿಗವೆಂದರೆ, ಈ ಕಾಯಿಲೆಯಲ್ಲಿ ಮಿದುಳಿನೊಳಗೆ ಸ್ವಲ್ಪ ರಕ್ತ ಚೆಲ್ಲಿದ್ದರೂ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡುತ್ತಾರೆ, ಏಕೆಂದರೆ ಮೂಲದಲ್ಲಿರುವುದು ಕಟ್ಟಿದ ನಾಳ. ಮೇಲೆ ಹೇಳಿದ ನಿಯಮಕ್ಕೆ ಇದು ತದ್ವಿರುದ್ಧವಾಗಿ ಕಂಡರೂ ಇಲ್ಲಿಯೂ ನಿರ್ಧಾರ ಚಿತ್ರದ್ದೇ. ನಿಮ್ಮ ಅಕ್ಕನದೋ ಅತ್ತಿಗೆಯದೋ ಬಾಣಂತನ ನಡೆಯುವಾಗ ನೀರಿನ ತಂಬಿಗೆ ಹತ್ತಿರವೇ ಇರಲಿ, ಹಿರಿಯರು ಗೊಣಗಿದರೂ ಚಿಂತೆಯಿಲ್ಲ.

ನಿಮ್ಮ ಕನ್ನಡ ಏಕೆ ಬೇಕು

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಪಾರ್ಶ್ವವಾಯುವಿನ ಗುರುತುಗಳಲ್ಲಿ ಮಾತು ಒಂದು. ಮಾತು ತೊದಲುವುದು, ಪದ ಸಿಗದಿರುವುದು, ಒಂದರ ಬದಲು ಇನ್ನೊಂದು ಪದ ಬರುವುದು, ಹೇಳಿದ್ದು ಅರ್ಥವಾಗದಿರುವುದು. ಪುಣೆಯ ಆಸ್ಪತ್ರೆಯಲ್ಲಿ ತುರ್ತು ವಿಭಾಗದ ವೈದ್ಯರು ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳುತ್ತಾರೆ. ಕನ್ನಡವೊಂದೇ ಬಲ್ಲ ಅಜ್ಜಿ ಸುಮ್ಮನೆ ನೋಡುತ್ತಾರೆ. ಭಾಷೆ ಬಾರದೆ ಸುಮ್ಮನಿದ್ದಾರೋ, ಮಾತೇ ಹೋಗಿದೆಯೋ? ಅವರು ಕನ್ನಡದಲ್ಲಿ ಏನೋ ಹೇಳಿದರೆ ಅದು ಸರಿಯಾದ ಕನ್ನಡವೋ, ಅರ್ಥವಿಲ್ಲದ ತೊದಲೋ? ಇದನ್ನು ಹೇಳಬಲ್ಲ ಯಂತ್ರ ಯಾವುದೂ ಅಲ್ಲಿಲ್ಲ. ಅಜ್ಜಿಯ ಮಾತನ್ನು ದಿನಾ ಕೇಳಿದ ಕಿವಿ ಮಾತ್ರ ಹೇಳಬಲ್ಲದು.

ನಮ್ಮ ಸೊಸೈಟಿಯ ಒಂದು ಕನ್ನಡ ಮನೆಯಲ್ಲಿ ಹೀಗೇ ಆಯಿತು. ಗದಗಿನ ಕಡೆಯ ಅಜ್ಜಿ, ಹತ್ತೊಂಬತ್ತರ ಮೊಮ್ಮಗಳು. ಅಜ್ಜಿ ನಡೆಯುತ್ತಿದ್ದರು, ಕೈಯೂ ಎದ್ದಿತು. ಆದರೆ ನೀರಿನ ಲೋಟ ತೋರಿಸಿ 'ಬಾಗಲಾ' ಎಂದರು, ಬಾಗಿಲು ತೋರಿಸಿದರೆ 'ರೊಟ್ಟಿ' ಎಂದರು. ಪಕ್ಕದವರು 'ವಯಸ್ಸಾಯಿತು, ಮರೆವು' ಎಂದರಂತೆ. ಹುಡುಗಿ ಒಪ್ಪಲಿಲ್ಲ. 'ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಸರಿಯಾಗಿ ಮಾತಾಡಿದ್ದಾರೆ' ಎಂದು ಆಸ್ಪತ್ರೆಯಲ್ಲಿ ಖಚಿತವಾಗಿ ಹೇಳಿದಳು. ಆ ಒಂದು ಮಾತಿನಿಂದ ವೈದ್ಯರಿಗೆ ಎರಡು ಸಂಗತಿ ಸಿಕ್ಕವು: ಕೆಟ್ಟಿರುವುದು ಮಾತು, ಕೊನೆಯದಾಗಿ ಸರಿಯಿದ್ದ ಹೊತ್ತು ಹನ್ನೊಂದು. ಅಜ್ಜಿ ಈಗ ಕಾರಿಡಾರಿನಲ್ಲಿ ಕೂತು ಹರಟೆ ಹೊಡೆಯುತ್ತಾರೆ, ಕೆಲವು ಹೆಸರುಗಳಿಗೆ ಮಾತ್ರ ತಡವರಿಸುತ್ತಾರೆ.

ಹಾಗಾಗಿ ಮನೆಯಲ್ಲಿ ಅಜ್ಜ ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡುವ ರೂಢಿ ಬರೀ ಅಭಿಮಾನದ ಮಾತಲ್ಲ. ಅವರ ಮಾತಿನ ಲಯ ನಿಮಗೆ ಗೊತ್ತಿದ್ದರೆ ಅದು ತಪ್ಪಿದ್ದೂ ಗೊತ್ತಾಗುತ್ತದೆ. ಗುಣವಾಗುವ ಕಾಲದಲ್ಲೂ ಅಷ್ಟೇ. ಮಾತು ಕಲಿಸುವ ತಜ್ಞರು ಹೇಳಿಕೊಟ್ಟ ಅಭ್ಯಾಸವನ್ನು ಮನೆಯಲ್ಲಿ ಕನ್ನಡದಲ್ಲಿ ಮಾಡಿಸುವವರು ಬೇಕು.

ಎರಡು ಭಾಷೆಯ ಲಾಭಕ್ಕೆ ಒಂದು ಅಧ್ಯಯನದ ಬೆಂಬಲವೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಪಾರ್ಶ್ವವಾಯುವಾದ 608 ಜನರನ್ನು ನೋಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ನೂರಕ್ಕೆ ಸುಮಾರು 40 ಮಂದಿಯ ನೆನಪು ಮತ್ತು ಯೋಚನಾಶಕ್ತಿ ಸಹಜವಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಸುಮಾರು 20. ಮಾತು ಹೋಗುವ ಪ್ರಮಾಣದಲ್ಲಿ ಮಾತ್ರ ಇಬ್ಬರಲ್ಲೂ ವ್ಯತ್ಯಾಸ ಕಾಣಲಿಲ್ಲ. ಮರಾಠಿ, ಹಿಂದಿ, ಇಂಗ್ಲಿಷ್ ಜೊತೆ ಕನ್ನಡವನ್ನೂ ಉಳಿಸಿಕೊಂಡವರಿಗೆ ಇದು ಸಂತೋಷದ ಸುದ್ದಿಯೇ.

ನೀವು ಮಾಡಬೇಕಾದದ್ದು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಈ ಕೆಲವು ವಿಷಯ ಇಂದೇ ನೆನಪಿಟ್ಟುಕೊಳ್ಳಿ.

ಆರು ಪದ ಸಾಕು: ನಡಿಗೆ, ನೋಟ, ಮುಖ, ಕೈ, ಮಾತು, ಗಡಿಯಾರ. ನಡಿಗೆ ಇದ್ದಕ್ಕಿದ್ದಂತೆ ತೂರಾಡಿದೆಯೇ? ನೋಟ ಮಂಜಾಗಿದೆಯೇ, ಎರಡೆರಡು ಕಾಣುತ್ತಿದೆಯೇ? ನಕ್ಕಾಗ ಮುಖ ಒಂದು ಕಡೆ ಜಾರಿದೆಯೇ? ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿಯುತ್ತದೆಯೇ? ಮಾತು ಬದಲಾಗಿದೆಯೇ? ಒಂದಕ್ಕೆ ಹೌದು ಎಂದಾದರೂ ಗಡಿಯಾರ ನೋಡಿ. ನಿಮಗೆ ಕಂಡ ಹೊತ್ತಿನ ಜೊತೆಗೆ ಅವರು ಕೊನೆಯದಾಗಿ ಸರಿಯಿದ್ದ ಹೊತ್ತನ್ನೂ ಬರೆದುಕೊಳ್ಳಿ.

108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದೇ ಸಂಖ್ಯೆ. ಸಿ.ಟಿ. ಯಂತ್ರ ರಾತ್ರಿ ಹಗಲು ನಡೆಯುವ, ನರರೋಗ ತಜ್ಞರಿರುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದು ಎಂದು ಈಗಲೇ ವಿಚಾರಿಸಿಡಿ. ಆ ಸೌಲಭ್ಯವಿಲ್ಲದ ಕಡೆ ಮೊದಲು ಹೋಗಿ, ಅಲ್ಲಿಂದ ಇನ್ನೊಂದು ಕಡೆಗೆ ಹೊರಟರೆ ನಗರ ರಸ್ತೆಯಲ್ಲೇ ಹೊತ್ತು ಮುಗಿಯುತ್ತದೆ.

ಬಾಯಿಗೆ ಏನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ನೀರು ಕೂಡ ಶ್ವಾಸಕೋಶಕ್ಕೆ ಇಳಿದೀತು. ಬಿ.ಪಿ. ಹೆಚ್ಚಿದೆ ಎಂದು ಹೆಚ್ಚುವರಿ ಮಾತ್ರೆ ಕೊಡಬೇಡಿ. ಸಕ್ಕರೆ ಕಾಯಿಲೆಯವರಾದರೆ ಅದನ್ನು ಮೊದಲೇ ಹೇಳಿ. ರಕ್ತದಲ್ಲಿ ಸಕ್ಕರೆ ತೀರ ಇಳಿದರೂ ಇದೇ ಥರ ಕಾಣಬಹುದು.

ಅಜ್ಜ ಅಜ್ಜಿ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು, ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಇತ್ತೀಚಿನ ಶಸ್ತ್ರಚಿಕಿತ್ಸೆ, ಪೇಸ್‌ಮೇಕರ್ ಇದ್ದರೆ ಬರೆದಿಡಿ. ಹೆಪ್ಪು ಕರಗಿಸುವ ಮದ್ದು ಕೊಡುವ ಮುನ್ನ ವೈದ್ಯರು ಕೇಳುವುದು ಇವನ್ನೇ.

ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು, ಮಾತು ಮರಳಿತು ಎಂದರೆ ಬಿಡಬೇಡಿ. ಅದು ಮುನ್ನೆಚ್ಚರಿಕೆಯ ಗಂಟೆ. ಅಂದೇ ಹೋಗಿ ತೋರಿಸಬೇಕು. ಮಿದುಳಿನ ಚಿತ್ರದ ಜೊತೆ ಕುತ್ತಿಗೆಯ ನಾಳ, ಹೃದಯದ ಬಡಿತ ಎಲ್ಲ ನೋಡಿ ಹೆಪ್ಪು ಎಲ್ಲಿಂದ ಬಂತು ಎಂದು ಹುಡುಕುತ್ತಾರೆ.

ಕೊನೆಯದಾಗಿ ಚಿತ್ರದ ಮಿತಿಯನ್ನೂ ಹೇಳಬೇಕು. ಎಂಥ ಯಂತ್ರವಾದರೂ ಆದದ್ದನ್ನು ತೋರಿಸೀತು, ಆಗದಂತೆ ತಡೆಯಲಾರದು. ತಡೆಯುವುದರಲ್ಲಿ ಮೊದಲ ಸ್ಥಾನ ರಕ್ತದೊತ್ತಡದ್ದು. ಉಪ್ಪಿನಕಾಯಿ ಹಪ್ಪಳದಲ್ಲಿ ಹಿಡಿತ, ಬಿ.ಪಿ. ಮಾತ್ರೆಯಲ್ಲಿ ನಿಯಮ, ಸಿಗರೇಟು ತಂಬಾಕಿನಿಂದ ದೂರ, ದಿನಾ ನಡಿಗೆ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದ್ದೂ, ಇಂಥ ರೋಗಿಗಳನ್ನು ಜಿಲ್ಲಾ ಆಸ್ಪತ್ರೆಗಳಲ್ಲೇ ಬೇಗ ಗುರುತಿಸಲಿ ಎಂಬ ಉದ್ದೇಶದಿಂದ. ಊರಿಗೆ ಹೋದಾಗ ನಿಮ್ಮ ಜಿಲ್ಲೆಯಲ್ಲಿ ಅಂಥ ಚಿಕಿತ್ಸಾಲಯ ಇದೆಯೇ ಎಂದು ವಿಚಾರಿಸಿ ಬಂಧುಗಳಿಗೆ ತಿಳಿಸಿ.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ನಮ್ಮ ರಾಜ್ಯೋತ್ಸವಕ್ಕೆ ಮೂರೇ ದಿನ ಮೊದಲು. ಈ ಸಲ ರಾಜ್ಯೋತ್ಸವದ ಸಿದ್ಧತೆಗೆ ಸೇರಿದಾಗ ಅರ್ಧ ಗಂಟೆ ಇದಕ್ಕೂ ಇಡೋಣ ಎಂದು ಸಂಘದ ಯುವ ವಿಭಾಗಕ್ಕೆ ನನ್ನ ಸಲಹೆ. ಬಿ.ಪಿ. ನೋಡುವ ಉಪಕರಣ ನಾನು ತರುತ್ತೇನೆ. ಆ ಆರು ಪದಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಲಿಫ್ಟಿನ ಪಕ್ಕ ಅಂಟಿಸುವ ಕೆಲಸ ನಿಮ್ಮದು.